ಬೆಂಕಿ, ಪ್ಲೇಗು, ದರ್ಬಾರು: ಮೈಸೂರು ರಾಜನಗರಿಯಾದ ಬಗೆ

ಮೈಸೂರಿನ ಪ್ರವಾಸಿ ಕೈಪಿಡಿಗಳೆಲ್ಲ ಬಹುತೇಕ ಒಂದೇ ರಾಗ ಹಾಡುತ್ತವೆ. 1399ರಲ್ಲಿ ಯದುರಾಯರಿಂದ ಮೊದಲಾಯಿತೆನ್ನುವ ಅರಸು ಮನೆತನ, ಐದೂವರೆ ಶತಮಾನದ ವೈಭವ, ಅದಕ್ಕೆ ಕಳಶವಿಟ್ಟಂತೆ ಅಂಬಾವಿಲಾಸ ಅರಮನೆ, ಹಿನ್ನೆಲೆಗೆ ಚಾಮುಂಡಿ ಬೆಟ್ಟ, ವರ್ಷಕ್ಕೊಮ್ಮೆ ಜಂಬೂಸವಾರಿ. ಇದನ್ನು ಓದಿ ಬಂದವರಿಗೆ ಊರು ತಲೆತಲಾಂತರದಿಂದ ಹೀಗೇ ಇತ್ತು ಅನ್ನಿಸಿದರೆ ಅವರದೇನೂ ತಪ್ಪಿಲ್ಲ. ಆದರೆ ಅವರು ನೋಡುವ ಜಾಗಗಳ ಪಕ್ಕದಲ್ಲಿ ಒಂದೊಂದೇ ಇಸವಿ ಬರೆಯುತ್ತ ಹೋಗಿ. ಜಗನ್ಮೋಹನ ಅರಮನೆ 1861. ಚಿಕ್ಕ ಗಡಿಯಾರ 1886. ಮೃಗಾಲಯ 1892. ದೊಡ್ಡ ಅರಮನೆ 1912. ದೊಡ್ಡ ಗಡಿಯಾರ 1927. ಲಲಿತಮಹಲ್ 1931. ಫಿಲೋಮಿನಾ ಚರ್ಚು, ಕನ್ನಂಬಾಡಿಯ ಬೃಂದಾವನ ಎರಡೂ 1930ರ ದಶಕದವು. ಆರು ಶತಮಾನದ ಊರೆಂದು ನಾವು ತೋರಿಸುತ್ತಿರುವುದು ಹೆಚ್ಚುಕಡಿಮೆ ಎಂಬತ್ತು ವರ್ಷದ ಕೆಲಸ. ಆ ಎಂಬತ್ತು ವರ್ಷಗಳಲ್ಲೇ ಮೈಸೂರು ಅರಸರ ಕೈಯಲ್ಲಿ ಸೈನ್ಯ, ಕೋಟೆ, ಖಜಾನೆಗಳ ಮೇಲಿನ ಹಿಡಿತ ತೀರಾ ಕಡಿಮೆಯಿತ್ತು. ಇದು ಆಕಸ್ಮಿಕವಲ್ಲ. ರಾಜ್ಯಾಧಿಕಾರ ಕೈಬಿಟ್ಟುಹೋದ ಕಾಲದಲ್ಲೇ ಮೈಸೂರು ರಾಜನಗರಿಯಾಯಿತು. ಅದನ್ನು ಕಟ್ಟಿದ್ದು ಸಿಂಹಾಸನ ಎನ್ನುವುದಕ್ಕಿಂತ ದಿವಾನರ ಆಡಳಿತ, ಎಂಜಿನಿಯರರ ನಕ್ಷೆ, ಒಂದು ಬೆಂಕಿ ಮತ್ತು ಒಂದು ಸಾಂಕ್ರಾಮಿಕ ರೋಗ ಎನ್ನುವುದು ಹೆಚ್ಚು ಸರಿ.

ಮೊದಲನೆಯದಾಗಿ, ಒಡೆಯರ ರಾಜ್ಯ ನಿಜವಾಗಿ ರಾಜ್ಯವಾಗಿ ಬೆಳೆದ ಕಾಲದಲ್ಲಿ ರಾಜಧಾನಿ ಮೈಸೂರಾಗಿರಲಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿಗೆ ಹೋದರು. ದಸರಾ ಶುರುವಾದದ್ದೂ ಅಲ್ಲೇ. ಕಂಠೀರವ ನರಸರಾಜ, ಚಿಕ್ಕದೇವರಾಜರ ಆಳ್ವಿಕೆ, ಆಮೇಲೆ ಹೈದರ್ ಮತ್ತು ಟಿಪ್ಪು, ಹೀಗೆ 190 ವರ್ಷ ದಂಡು, ದಫ್ತರ, ಖಜಾನೆ ಎಲ್ಲ ಕಾವೇರಿಯ ನಡುಗಡ್ಡೆಯಲ್ಲಿದ್ದವು. ಮೈಸೂರು ಮೂಲಮನೆಯ ಗೌರವ ಉಳಿಸಿಕೊಂಡ ಸಣ್ಣ ಕೋಟೆಯ ಊರಾಗಿತ್ತು. ಟಿಪ್ಪುವಿನ ಕಾಲಕ್ಕೆ ಆ ಗೌರವವೂ ಹೋಯಿತು. ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪಕ್ಕದ ದಿಣ್ಣೆಗೆ ಸಾಗಿಸಿ ನಜರಾಬಾದ್ ಎಂಬ ಹೊಸ ಕೋಟೆಗೆ ಕೈಹಾಕಲಾಯಿತು. ಅದು ಪೂರ್ತಿಯಾಗುವ ಮೊದಲೇ 1799ರಲ್ಲಿ ಟಿಪ್ಪುವಿನ ಆಳ್ವಿಕೆಯೇ ಮುಗಿಯಿತು. ಆಮೇಲೆ ಅದೇ ಕಲ್ಲುಗಳು ಹಿಂದಕ್ಕೆ ಪ್ರಯಾಣ ಮಾಡಿ ಮೈಸೂರಿನ ಕೋಟೆಯನ್ನು ಮತ್ತೆ ಎಬ್ಬಿಸಿದವು. ಒಂದೇ ರಾಶಿ ಕಲ್ಲು ಕೆಲವೇ ವರ್ಷಗಳಲ್ಲಿ ಎರಡು ಪ್ರಭುತ್ವಗಳಿಗೆ ದುಡಿಯಿತು. ಎರಡು ಕೋಟೆಗಳ ನಡುವೆ ದೂರವೂ ಹೆಚ್ಚಿರಲಿಲ್ಲ.

1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಅರಮನೆಯಲ್ಲಲ್ಲ, ಲಕ್ಷ್ಮೀರಮಣಸ್ವಾಮಿ ಗುಡಿಯ ಬಳಿ ಹಾಕಿದ ಚಪ್ಪರದಲ್ಲಿ. ಅರಮನೆಯೆಂಬುದೇ ಇರಲಿಲ್ಲ. ಗಟ್ಟಿಯಾದ ಕೋಟೆಯೂ ಕಟ್ಟಡಗಳೂ ಇದ್ದ ಶ್ರೀರಂಗಪಟ್ಟಣವನ್ನು ಬಿಟ್ಟು ಈ ಹಾಳುಬಿದ್ದ ಊರಿಗೆ ಏಕೆ ಬಂದರು? ಮೂಲಸ್ಥಾನದ ಮೇಲಿನ ಮಮತೆ ಎಂದು ಹೇಳುವುದುಂಟು. ಮಮತೆ ಇದ್ದಿರಬಹುದು. ಆದರೆ ಶ್ರೀರಂಗಪಟ್ಟಣದ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಆಯಕಟ್ಟಿನ ಜಾಗವನ್ನು ತಾನಿಟ್ಟುಕೊಂಡು, ದೊರೆಯ ಮಗುವನ್ನು ಬಯಲೂರಿನಲ್ಲಿ ಕೂರಿಸುವುದು ಕಂಪನಿಗೆ ಅನುಕೂಲವಾಗಿತ್ತು. ಹೀಗೆ ಮೈಸೂರು ಎರಡನೇ ಸಲ ರಾಜಧಾನಿಯಾದದ್ದರ ಹಿಂದೆ ಅರಸರ ಆಯ್ಕೆಗಿಂತ ಗೆದ್ದವರ ಲೆಕ್ಕಾಚಾರ ದೊಡ್ಡದಿತ್ತು. ಅದೂ ಪೂರಾ ರಾಜಧಾನಿಯಾಗಿ ಉಳಿದದ್ದು ಮೂವತ್ತೆರಡೇ ವರ್ಷ. ನಗರ ಸೀಮೆಯ ರೈತ ದಂಗೆಯ ನೆಪದಲ್ಲಿ 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರಿಗೆ ಹೋಯಿತು, ಕಚೇರಿಗಳು ಬೆಂಗಳೂರಿಗೆ ಹೋದವು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಕಚೇರಿಗಳು ಮರಳಲಿಲ್ಲ. ದಿವಾನರು ಕೂರುತ್ತಿದ್ದದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಮೈಸೂರಿನಲ್ಲಿ ಉಳಿದದ್ದು ದೊರೆ, ದೇವರು ಮತ್ತು ದಸರಾ. ಊರಿನ ಇಂದಿನ ಗುಣವೆಲ್ಲ, ಅದರ ಸಾವಧಾನ ಕೂಡ, ಈ ಹಂಚಿಕೆಯಲ್ಲೇ ಹುಟ್ಟಿದ್ದು ಎಂದರೆ ತಪ್ಪಾಗಲಾರದು.

ಆಳಲು ರಾಜ್ಯವಿಲ್ಲದ ಅರಸ ಏನು ಮಾಡಬೇಕು? ಮುಮ್ಮಡಿಯವರು ಕವಿಗಳನ್ನು, ವೈಣಿಕರನ್ನು, ಚಿತ್ರಕಾರರನ್ನು ಸೇರಿಸಿಕೊಂಡರು, ಗ್ರಂಥಗಳನ್ನು ಬರೆಸಿದರು, ಚಾಮುಂಡೇಶ್ವರಿಯ ಗುಡಿಗೆ ಗೋಪುರ ಕಟ್ಟಿಸಿದರು, ಕೊನೆಗಾಲದಲ್ಲಿ ಜಗನ್ಮೋಹನ ಕಟ್ಟಿಸಿದರು. ದಸರಾದ ರೂಪವೂ ಅವರ ಕಾಲದಲ್ಲೇ ಬದಲಾಯಿತು. 1805ರಿಂದ ಹಬ್ಬದ ದಿನಗಳಲ್ಲಿ ಅತಿಥಿಗಳಿಗೆ ವಿಶೇಷ ದರ್ಬಾರು ನಡೆಯತೊಡಗಿತು, ಯುರೋಪಿಯನ್ನರಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ಶ್ರೀರಂಗಪಟ್ಟಣದಲ್ಲಿ ಮಳೆಗಾಲ ಮುಗಿದು ದಂಡು ಹೊರಡುವ ಹೊತ್ತಿನ ಹಬ್ಬವಾಗಿದ್ದ ನವರಾತ್ರಿ, ಮೈಸೂರಿನಲ್ಲಿ ದಂಡೇ ಹೊರಡದ ರಾಜ್ಯದ ಹಬ್ಬವಾಯಿತು. ಆನೆ ಕುದುರೆ ಕಾಲಾಳುಗಳು ಬನ್ನಿಮಂಟಪದವರೆಗೆ ಹೋಗಿ ಬರುತ್ತಿದ್ದವು, ಯುದ್ಧಕ್ಕೆ ಹೋಗುತ್ತಿರಲಿಲ್ಲ. ಯುದ್ಧವಿಲ್ಲವಾದ ಮೇಲೆ ಮೆರವಣಿಗೆ ಇನ್ನಷ್ಟು ಸೊಗಸಾಯಿತು, ಇನ್ನಷ್ಟು ಉದ್ದವಾಯಿತು.

1881ರ ಹಸ್ತಾಂತರ ಪತ್ರ ಓದಿದರೆ ಈ ಸ್ಥಿತಿ ಕಣ್ಣಿಗೆ ಹೊಡೆಯುತ್ತದೆ. ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡಬೇಕಾದರೂ ಗವರ್ನರ್ ಜನರಲ್ ಒಪ್ಪಬೇಕು. ವಾರ್ಷಿಕ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿತು. ಕ್ಷಾಮದಿಂದ ಬಳಲಿದ್ದ ರಾಜ್ಯವೆಂದು ಆ ಏರಿಕೆಯನ್ನು 1896ರವರೆಗೆ ಮುಂದೂಡಿದರು, ಮನ್ನಾ ಮಾಡಲಿಲ್ಲ. ಆ ಪೊಗದಿಯ ಪಕ್ಕದಲ್ಲಿ ದೊಡ್ಡ ಅರಮನೆಯ ಲೆಕ್ಕ ಇಟ್ಟು ನೋಡಬೇಕು. 1897ರಿಂದ 1912ರವರೆಗೆ ಹದಿನೈದು ವರ್ಷ ಕಟ್ಟಿದ ಅರಮನೆಗೆ ತಗಲಿದ ವೆಚ್ಚ 41,47,913 ರೂಪಾಯಿ. ದುಂದುಗಾರಿಕೆಯ ಮಾತು ಬಂದಾಗಲೆಲ್ಲ ಈ ಮೊತ್ತವನ್ನು ಎತ್ತಿ ತೋರಿಸುತ್ತಾರೆ. ಆದರೆ ಮೈಸೂರು ಒಂದು ವರ್ಷ ಎರಡು ತಿಂಗಳಲ್ಲಿ ಬ್ರಿಟಿಷರಿಗೆ ಕಟ್ಟುತ್ತಿದ್ದ ಕಪ್ಪ ಸರಿಸುಮಾರು ಇಷ್ಟೇ. ಅರಮನೆ ಇಂದಿಗೂ ನಿಂತಿದೆ. ಕಪ್ಪದ ಹಣದಿಂದ ಮೈಸೂರಿಗೆ ಏನು ಸಿಕ್ಕಿತೆಂದು ಯಾವ ಗೈಡೂ ತೋರಿಸಲಾರ.

ದಸರಾಕ್ಕೆ ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ಅಂಟಿಕೊಂಡಿತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು ಮೈಸೂರಿನಲ್ಲಿ, ದಸರಾ ಸಮಯದಲ್ಲಿ. ತಾಲ್ಲೂಕುಗಳಿಂದ ಬಂದ 144 ಮಂದಿ ಜಮೀನುದಾರರೂ ವರ್ತಕರೂ ಸರ್ಕಾರದ ಲೆಕ್ಕ ಕೇಳಿದರು, ತಮ್ಮ ಕಡೆಯ ಕೆರೆ ರಸ್ತೆಗಳ ಅಹವಾಲು ಹೇಳಿದರು. ಅಧಿಕಾರವೇನೂ ಇಲ್ಲದ, ಸಲಹೆ ಕೊಡುವ ಸಭೆ ಅದು. ಆದರೂ ದೇಶೀಯ ಸಂಸ್ಥಾನವೊಂದರಲ್ಲಿ ಅದು ಮೊದಲನೆಯದು. ಹಬ್ಬಕ್ಕೆ ಜನ ಹೇಗೂ ಬರುತ್ತಾರೆ, ಅದೇ ಖರ್ಚಿನಲ್ಲಿ ಸಭೆಯೂ ಆಗಲಿ ಎಂಬ ದಿವಾನರ ಮಿತವ್ಯಯವನ್ನು ಮೆಚ್ಚಬೇಕು. ಇಂದು ಪ್ರವಾಸಿಗರು ದೊಡ್ಡ ಗಡಿಯಾರದ ಎದುರು ಫೋಟೊ ತೆಗೆಸಿಕೊಳ್ಳುವಾಗ ಬೆನ್ನ ಹಿಂದೆ ಕಾಣುವ ಪುರಭವನ ಅದೇ ರಂಗಾಚಾರ್ಲು ಅವರ ಸ್ಮಾರಕ. ಅದರತ್ತ ತಿರುಗಿ ನೋಡುವವರು ಕಡಿಮೆ.

ಈಗ ಬೆಂಕಿಗೆ ಬರೋಣ. 1897ರ ಫೆಬ್ರವರಿ ಕೊನೆಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ 1799ರ ನಂತರ ಕಟ್ಟಿದ್ದ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ದೊರೆ ಚಾಮರಾಜೇಂದ್ರರು 1894ರಲ್ಲೇ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು, ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಬಾಲಕ, ರಾಜ್ಯ ನೋಡಿಕೊಳ್ಳುತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅದೇ ವರ್ಷ ಹೊಸ ಅರಮನೆಯ ಕೆಲಸ ಶುರುವಾಯಿತು. ನಕ್ಷೆ ಹೆನ್ರಿ ಇರ್ವಿನ್ ಅವರದು, ಕಟ್ಟುವ ಹೊಣೆ ಬಿ.ಪಿ. ರಾಘವುಲು ನಾಯ್ಡು ಅವರದು. ಹೊಸದನ್ನು ಹಳೆಯ ಅರಮನೆಯ ವಿನ್ಯಾಸವನ್ನೇ ಅನುಸರಿಸಿ ಕಟ್ಟಿದರು, ಆದರೆ ಮತ್ತೆ ಉರಿಯದ ಸಾಮಗ್ರಿಯಲ್ಲಿ. ಕಲ್ಯಾಣಮಂಟಪದಲ್ಲಿ ನಿಂತು ತಲೆಯೆತ್ತಿದರೆ ಇದು ಅರ್ಥವಾಗುತ್ತದೆ. ಎಂಟು ಮೂಲೆಯ ಆ ಅಂಗಳದ ಸುತ್ತ ಸೊಂಪಾಗಿ ಗುಂಪುಗೂಡಿ ನಿಂತ ತೆಳ್ಳನೆಯ ಕಂಬಗಳು ಕಲ್ಲಿನವಲ್ಲ, ಮರದವೂ ಅಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದ ಕಬ್ಬಿಣ. ಮೇಲಿನ ಬಣ್ಣದ ಗಾಜೂ ಅಲ್ಲಿಂದಲೇ ಬಂದದ್ದು. ಗಾಜಿನಲ್ಲಿರುವ ನವಿಲುಗಳ ಚಿತ್ತಾರವನ್ನು ಬರೆದವರು ಮಾತ್ರ ಮೈಸೂರಿನ ಕಲಾವಿದರು. ಅದೇ ಕಾಲದಲ್ಲಿ ರೈಲು ನಿಲ್ದಾಣಗಳಿಗೂ ಮಾರುಕಟ್ಟೆಗಳಿಗೂ ಬಳಸುತ್ತಿದ್ದ ತಂತ್ರವನ್ನೇ ಇಲ್ಲಿ ಮದುವೆ ಮಂಟಪಕ್ಕೆ ತಂದಿದ್ದಾರೆ. ಸಾಮಾನ್ಯ ಜನರ ದರ್ಬಾರು ಸಭಾಂಗಣವೋ ಒಂದು ಬದಿಗೆ ಗೋಡೆಯೇ ಇಲ್ಲದೆ ಮೈದಾನಕ್ಕೆ ತೆರೆದುಕೊಂಡಿದೆ. ಒಳಗಿನಿಂದ ಶತ್ರುವನ್ನು ನೋಡಲು ಕಟ್ಟಿದ್ದಲ್ಲ, ಹೊರಗಿನ ಜನಕ್ಕೆ ದೊರೆ ಕಾಣಲೆಂದು ಕಟ್ಟಿದ್ದು. ಕೋಟೆಯ ಕೆಲಸ ನಿಷಿದ್ಧವಾದ ಮೇಲೆ ಅರಮನೆ ರಂಗಸ್ಥಳವಾಗಬೇಕಾಯಿತು.

ಅದೇ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ತೈಲಚಿತ್ರಗಳ ಸಾಲಿದೆ. ಗೈಡುಗಳು ಇವನ್ನು ಪುರಾತನ ವೈಭವದ ದಾಖಲೆಯೆಂಬ ಧಾಟಿಯಲ್ಲಿ ವಿವರಿಸುತ್ತಾರೆ. ಬರೆದದ್ದು 1934ರಿಂದ 1945ರ ನಡುವೆ, ಫೋಟೊಗಳನ್ನು ಎದುರಿಗಿಟ್ಟುಕೊಂಡು. ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಗಳಂತೆ ಇಲ್ಲಿನ ಆನೆ ಕುದುರೆಗಳು ಸಾಂಕೇತಿಕವಲ್ಲ. ಬೀದಿ, ಕಟ್ಟಡ, ಬ್ಯಾಂಡಿನವರ ಸಮವಸ್ತ್ರ, ಗುರುತು ಹಿಡಿಯಬಹುದಾದ ಮುಖಗಳು, ಎಲ್ಲ ಆ ಕಾಲದ ಊರಿನವೇ. ಎಂದರೆ ಅರಮನೆ ತನ್ನ ಗೋಡೆಯ ಮೇಲೆ ಬರೆಸಿಕೊಂಡದ್ದು ಪೂರ್ವಿಕರ ದಂಡಯಾತ್ರೆಗಳನ್ನಲ್ಲ, ತನ್ನದೇ ಊರಿನ ಮುಖ್ಯ ರಸ್ತೆಗಳನ್ನು.

ಆ ರಸ್ತೆಗಳು ಬಂದ ಬಗೆಯೇ ಈ ಕಥೆಯ ತಿರುಳು. 1898ರಲ್ಲಿ ಪ್ಲೇಗು ಬೆಂಗಳೂರು ಮೈಸೂರುಗಳನ್ನು ಹಿಡಿಯಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳು, ತೆರೆದ ಚರಂಡಿ, ಮನೆಗೆ ಮನೆ ಅಂಟಿದ ಕೋಟೆಯೊಳಗಿನ ಓಣಿಗಳು ರೋಗಕ್ಕೆ ಹೇಳಿಮಾಡಿಸಿದಂತಿದ್ದವು. ಬೊಂಬಾಯಿಯಲ್ಲಿ ಪ್ಲೇಗಿನ ಬೆನ್ನಿಗೇ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತ್ತು. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ರಚನೆಯಾಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಹೀಗೆ ಒಂದೊಂದೇ ಬಡಾವಣೆ ನಕ್ಷೆಯ ಪ್ರಕಾರ ಎದ್ದಿತು. ಈ ಹಳೇ ಬಡಾವಣೆಗಳಲ್ಲಿ ಮನೆಗಳ ಮುಂದೆ ನೇರವಾದ ಅಗಲ ರಸ್ತೆ, ಹಿತ್ತಲಿನ ಹಿಂದೆ ಎರಡು ಸಾಲು ಮನೆಗಳ ನಡುವೆ ಹಾದುಹೋಗುವ ಕಿರಿದಾದ ಓಣಿ. ಊರಿನವರ ಬಾಯಲ್ಲಿ ಅದು ಕನ್ಸರ್ವೆನ್ಸಿ ಗಲ್ಲಿ. ಮುಂಬಾಗಿಲಿಗೆ ಬಾರದಂತೆ ಮಲ, ಕಸ ಸಾಗಿಸಲೆಂದು ಬಿಟ್ಟ ದಾರಿ ಅದು. ಅರಮನೆಯ ಗೋಪುರದಷ್ಟೇ ಎಚ್ಚರದಿಂದ ಅಳೆದು ಎಳೆದ ಗೆರೆ ಅದು, ಊರಿನ ಆರೋಗ್ಯಕ್ಕೆ ಗೋಪುರಕ್ಕಿಂತ ಹೆಚ್ಚು ನೆರವಾದದ್ದೂ ಹೌದು. ಕೋಟೆಯೊಳಗಿನ ಮನೆಗಳನ್ನು ತೆರವು ಮಾಡಿದರು. ಅರಮನೆಯ ಸುತ್ತ ಈಗ ಕಾಣುವ ವಿಶಾಲ ಬಯಲು, ನಾಲ್ಕೂ ದಿಕ್ಕಿನಿಂದ ಕಣ್ಣಿಗೆ ತಡೆಯಿಲ್ಲದೆ ಸಿಗುವ ಆ ಪ್ರಸಿದ್ಧ ನೋಟ, ಹೀಗೆ ಸಿಕ್ಕಿದ್ದು. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಇಂದು ಅರಮನೆಯ ಮೇಲೆ ಹತ್ತುವ ಸುಮಾರು ಒಂದು ಲಕ್ಷ ದೀಪಗಳ ಬೆಳಕು ರಾಜರ ಕಾಲದ ಪಂಜಿನ ನೆನಪಲ್ಲ, ಜಲವಿದ್ಯುತ್ತಿನ ಜಾಹೀರಾತು.

ಇದಕ್ಕೆ ಎದುರು ಹೇಳಲು ಬಲವಾದ ಮಾತುಗಳಿವೆ. ಮೊದಲನೆಯದು, ಊರಿನ ಹಳಮೆ ಸುಳ್ಳಲ್ಲ. ಬೆಟ್ಟದ ಮಹಾಬಲೇಶ್ವರ ಗುಡಿ ಚಾಮುಂಡೇಶ್ವರಿಯ ಗುಡಿಗಿಂತ ಹಳೆಯದು, ಒಡೆಯರಿಗಿಂತಲೂ ಹಳೆಯದು. ಸಾವಿರ ಮೆಟ್ಟಿಲು, ಹೆಬ್ಬಂಡೆಯಲ್ಲೇ ಕಡೆದ ನಂದಿ, ಎರಡೂ ದೊಡ್ಡ ದೇವರಾಜ ಒಡೆಯರ ಕಾಲದವು, ಅಂದರೆ 17ನೇ ಶತಮಾನದ ನಡುಭಾಗದವು. ಕೋಟೆಯೊಳಗಿನ ತ್ರಿಣೇಶ್ವರ, ಲಕ್ಷ್ಮೀರಮಣ ಗುಡಿಗಳೂ ಪುರಾತನವೇ. ಎಲ್ಲ ಒಪ್ಪಬೇಕಾದ್ದೇ. ಆದರೆ ಒಂದು ಊರಿನಲ್ಲಿ ಹಳೆಯ ಗುಡಿಗಳಿರುವುದಕ್ಕೂ ಅದು ರಾಜನಗರಿಯ ಆಕಾರ ಪಡೆಯುವುದಕ್ಕೂ ವ್ಯತ್ಯಾಸವಿದೆ. ಹಳೆ ಮೈಸೂರು ಸೀಮೆಯ ನೂರಾರು ಊರುಗಳಲ್ಲಿ ಇವಕ್ಕಿಂತ ಹಿರಿಯ ಗುಡಿಗಳಿವೆ, ಅಲ್ಲಿ ದಸರಾ ಬಸ್ಸುಗಳು ನಿಲ್ಲುವುದಿಲ್ಲ. ಬೆಟ್ಟವನ್ನು ಊರಿಗೆ ಕಟ್ಟಿಹಾಕಿದ್ದು, ಅರಮನೆಯಿಂದ ಬೆಟ್ಟಕ್ಕೂ ಲಲಿತಮಹಲಿಗೂ ಬನ್ನಿಮಂಟಪಕ್ಕೂ ಕಣ್ಣಳತೆಯ ದಾರಿಗಳನ್ನು ಎಳೆದದ್ದು ಆಮೇಲಿನ ಯೋಜನೆ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಹಾಗಾದರೆ ಇದೆಲ್ಲ ಪರಾಧೀನ ಸಂಸ್ಥಾನವೊಂದು ವೈಸರಾಯ್‌ಗಳನ್ನು ಮೆಚ್ಚಿಸಲು ಕಟ್ಟಿದ ಆಡಂಬರ ತಾನೇ ಎಂದು ಕೇಳುವವರಿದ್ದಾರೆ. ಪುರಾವೆ ಊರಿನ ತುಂಬ ಇದೆ. ಚಿಕ್ಕ ಗಡಿಯಾರ ಡಫರಿನ್ ಹೆಸರಿನದು, 1892ರ ಲ್ಯಾನ್ಸ್‌ಡೌನ್ ಕಟ್ಟಡ ಇನ್ನೊಬ್ಬ ವೈಸರಾಯ್ ಹೆಸರಿನದು, ಫ್ರಿಚ್ಲೆ ನಕ್ಷೆ ಬರೆದ ಲಲಿತಮಹಲ್ ಕಟ್ಟಿದ್ದೇ ವೈಸರಾಯ್ ಇಳಿದುಕೊಳ್ಳಲು. ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ವಹಿಸಿಕೊಟ್ಟದ್ದು ವೈಸರಾಯ್ ಕರ್ಜನ್. ಈ ಆಕ್ಷೇಪ ಅರ್ಧ ನಿಜ. ಉಳಿದರ್ಧಕ್ಕೆ ಉತ್ತರ ಅದೇ ಹಣದ, ಅದೇ ಎಂಜಿನಿಯರರ, ಅದೇ ದಶಕಗಳ ಬೇರೆ ಕೆಲಸಗಳಲ್ಲಿದೆ. ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿದರು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಗಂಧದೆಣ್ಣೆ ಕಾರ್ಖಾನೆ, ರೇಷ್ಮೆ ಕಾರ್ಖಾನೆ ಬಂದವು. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಇಂದಿಗೂ ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತಿದೆ. ದೊಡ್ಡ ಗಡಿಯಾರದ ಮುಖವನ್ನೇ ನೋಡಿ. ನಾಲ್ವಡಿಯವರ ಆಳ್ವಿಕೆಯ ಇಪ್ಪತ್ತೈದನೇ ವರ್ಷಕ್ಕೆ ಅರಮನೆಯ ನೌಕರರು ಕಟ್ಟಿಸಿದ ಆ ಗೋಪುರದಲ್ಲಿ ಗಂಟೆಗಳ ಅಂಕಿ ಇರುವುದು ಕನ್ನಡದಲ್ಲಿ. ವಿಲಾಯತಿ ಮಾದರಿಯ ಗಡಿಯಾರ ಗೋಪುರದಲ್ಲಿ ಕನ್ನಡದ ಹೊತ್ತು ತೋರಿಸುವುದು ಬರೀ ಅನುಕರಣೆಯ ಕೆಲಸವಲ್ಲ. ಸೈನ್ಯ ಕಟ್ಟಲಾಗದವರು ಸಂಸ್ಥೆಗಳನ್ನು ಕಟ್ಟಿದರು. ಅದು ಬ್ರಿಟಿಷರಿಗೂ ಒಪ್ಪಿತವಾಗಿತ್ತೆಂಬುದು ಆ ಸಂಸ್ಥೆಗಳ ಬೆಲೆಯನ್ನು ಕಡಿಮೆ ಮಾಡುವುದಿಲ್ಲ.

ಮೂರನೆಯ ಮಾತು ಊರಿನವರದೇ. ಇಷ್ಟೆಲ್ಲ ಮಾಡಿದವರು ನಾಲ್ವಡಿ ಮಹಾಸ್ವಾಮಿಯವರು, ಅದನ್ನು ಬೋರ್ಡು, ಪ್ಲೇಗು ಎಂದು ಹಂಚಿಹಾಕುವುದು ಕೃತಘ್ನತೆ ಎನ್ನುವವರು ಇದ್ದಾರೆ. ನಾಲ್ವಡಿಯವರ ದೊಡ್ಡತನ ಎಳ್ಳಷ್ಟೂ ಕಡಿಮೆಯಾಗದೆಯೇ ಹೇಳಬಹುದಾದ ಮಾತಿದು: ಅರಮನೆಗೆ ಅಡಿಗಲ್ಲು ಬಿದ್ದಾಗ ಅವರು ಬಾಲಕರು, ನಿರ್ಧಾರ ತಾಯಿಯವರದೂ ದಿವಾನ್ ಶೇಷಾದ್ರಿ ಅಯ್ಯರ್ ಅವರದೂ ಆಗಿತ್ತು. ಆಮೇಲೆ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅವರಂಥವರನ್ನು ಆರಿಸಿಕೊಂಡು, ಅವರಿಗೆ ಕೆಲಸ ಮಾಡಲು ಬಿಟ್ಟದ್ದು ಅರಸರ ವಿವೇಕ. ಆದರೆ ಎಲ್ಲವನ್ನೂ ಒಬ್ಬರ ಕೃಪೆಯೆಂದು ಬರೆದರೆ ಆ ಕೆಲಸದ ಬೆಲೆ ತೆತ್ತವರು ಮರೆಯಾಗುತ್ತಾರೆ. ಕೋಟೆಯೊಳಗಿನ ಮನೆ ಬಿಟ್ಟುಕೊಟ್ಟ ಕುಟುಂಬಗಳ ನೆಲವೇ ಇಂದು ಟಿಕೆಟ್ ಪಡೆದು ನಡೆಯುವ ಅಂಗಳ. ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕು ಬಂತು, ಜಾತಿಯ ಗೆರೆ ಹೋಗಲಿಲ್ಲ. ಅಗ್ರಹಾರಗಳು ಒಂದು ಕಡೆ ಉಳಿದವು, ಇಂದಿನ ಅಶೋಕಪುರಂ ಆದಿಕರ್ನಾಟಕಪುರವೆಂಬ ಹೆಸರಿನಲ್ಲಿ ಇನ್ನೊಂದು ಕಡೆ ನಿಂತಿತು. ಹಿತ್ತಲಿನ ಆ ಗಲ್ಲಿಗಳಲ್ಲಿ ಬಕೆಟ್ಟು ಹೊತ್ತು ನಡೆದವರು ಯಾವ ಕೇರಿಯವರೆಂದು ಬಿಡಿಸಿ ಹೇಳಬೇಕಾಗಿಲ್ಲ.

1950ರಲ್ಲಿ ಸಂಸ್ಥಾನ ಮುಗಿಯಿತು, 1971ರಲ್ಲಿ ರಾಜಧನವೂ ನಿಂತಿತು. ಚಿನ್ನದ ಅಂಬಾರಿಯಲ್ಲಿ ದೊರೆಯ ಜಾಗದಲ್ಲಿ ಚಾಮುಂಡೇಶ್ವರಿಯ ವಿಗ್ರಹ ಬಂತು, ದಸರಾ ಸರ್ಕಾರದ ನಾಡಹಬ್ಬವಾಯಿತು. ವಿಚಿತ್ರವೆಂದರೆ ಆಮೇಲೂ ಹಬ್ಬ ಚಿಕ್ಕದಾಗಲಿಲ್ಲ, ಇನ್ನೂ ದೊಡ್ಡದಾಯಿತು. ಅಧಿಕಾರ ಕಡಿಮೆಯಾದಂತೆ ಮೆರವಣಿಗೆ ಹಿಗ್ಗುವ ಎರಡು ಶತಮಾನದ ಚಾಳಿ ದೊರೆಯೇ ಇಲ್ಲದ ಕಾಲಕ್ಕೂ ದಾಟಿತು. ಪ್ರವಾಸೋದ್ಯಮ ಅದನ್ನೇ ಮುಂದುವರಿಸಿತು, ಆದರೆ ರಾಜರಿಗೆ ಸಂಬಂಧಿಸಿದ್ದೆಂದು ಕಾಣುವ ಭಾಗವನ್ನು ಮಾತ್ರ. ಅರಮನೆಗೆ ಬಣ್ಣ, ದೀಪ, ಕಾವಲು ಎಲ್ಲವೂ ಇದೆ. ಊರನ್ನು ಊರಾಗಿಸಿದ ಅದೇ ಕಾಲದ ಉಳಿದ ಕಟ್ಟಡಗಳ ಪಾಡು ಬೇರೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಕೆಳಗಿನ ಕಮಾನುಗಳ ಅಂಗಡಿಗಳಲ್ಲಿ ಹಳೆ ಪುಸ್ತಕ ಮಾರುತ್ತಿದ್ದವರು ಎದ್ದುಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡನ್ನೂ ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೋ, ಇದ್ದದ್ದನ್ನು ರಿಪೇರಿ ಮಾಡಬೇಕೋ ಎಂದು ಸಮಿತಿ, ವರದಿ, ಕೋರ್ಟುಗಳಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಪಾರಂಪರಿಕ ಕಟ್ಟಡವೆಂದರೆ ರಾಜರು ವಾಸವಿದ್ದ ಮನೆ ಎಂದುಕೊಂಡವರಿಗೆ ಹೂವಿನ ಸಾಲು, ಬಾಳೆಕಾಯಿ ಮಂಡಿ, ಕುಂಕುಮದ ರಾಶಿಗಳ ಸಂತೆಕಟ್ಟೆ ಕೆಡವಬಹುದಾದ ವಸ್ತುವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಅರಮನೆ ಎದ್ದ ಪೀಳಿಗೆಯಲ್ಲೇ ಈ ಮಾರುಕಟ್ಟೆಯೂ ಎದ್ದಿತು, ಅದೇ ಆಡಳಿತದ ಕೈಯಲ್ಲಿ. ಅರಮನೆಯಿಂದ ಇಂದು ಯಾರೂ ರಾಜ್ಯವಾಳುವುದಿಲ್ಲ. ಮಾರುಕಟ್ಟೆಯಲ್ಲಿ ಬೆಳಗಿನ ಜಾವವೇ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ವೀಳ್ಯದೆಲೆಗಳ ವ್ಯಾಪಾರ ನಡೆಯುತ್ತದೆ. ಕಟ್ಟಡವನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಮೊದಲು ಆ ಹೊತ್ತಿಗೆ ಅಲ್ಲಿಗೆ ಹೋಗಿ ನೋಡಬೇಕು.